ಸಾವಿರ ರೀಡಿಂಗ್‌ಗಳ ಸರಾಸರಿ ತೆಗೆದರೂ ತಕ್ಕಡಿಯ ಸೊನ್ನೆ ಏಕೆ ಸರಿಯುತ್ತದೆ?

ಲೋಡ್ ಸೆಲ್‌ಗೆ (ಭಾರವನ್ನು ವಿದ್ಯುತ್ ಸಂಕೇತವಾಗಿಸುವ ಲೋಹದ ತುಂಡು) ಎಚ್‌ಎಕ್ಸ್711 ಬೋರ್ಡ್ (ಆ ಸಂಕೇತವನ್ನು ಹಿಗ್ಗಿಸಿ ಅಂಕಿಯಾಗಿಸುವ ಚಿಪ್ ಇರುವುದು) ಜೋಡಿಸಿ ತಕ್ಕಡಿ ಮಾಡಿಕೊಂಡಿದ್ದೀರಿ. 1000 ರೀಡಿಂಗ್‌ಗಳ ಸರಾಸರಿ ತೆಗೆದರೂ ಬೆಳಿಗ್ಗೆ ಸೊನ್ನೆ ತೋರಿಸಿದ ಖಾಲಿ ತಟ್ಟೆ ಮಧ್ಯಾಹ್ನದ ಹೊತ್ತಿಗೆ ಕೆಲವು ಗ್ರಾಂ ತೋರಿಸುತ್ತದೆ, ಸರಾಸರಿಯನ್ನು 10,000ಕ್ಕೆ ಏರಿಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ, ಇನ್ನಷ್ಟು ಕೆಡುವ ಸಂಭವವೇ ಹೆಚ್ಚು. ಪೀಣ್ಯದಲ್ಲಿ ಅಳತೆಯ ಉಪಕರಣಗಳ ಕ್ಯಾಲಿಬ್ರೇಷನ್ ಮಾಡುವ ನನಗೆ ಈ ತೊಂದರೆ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತಲೇ ಇರುತ್ತದೆ, ಆದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

ಸರಾಸರಿಯಿಂದ ತಗ್ಗುವುದು ನಾಯ್ಸ್ ಮಾತ್ರ, ಅಂದರೆ ಒಂದು ರೀಡಿಂಗ್‌ಗೂ ಮುಂದಿನದಕ್ಕೂ ಸಂಬಂಧವಿಲ್ಲದ ಏರಿಳಿತ. ರೀಡಿಂಗ್‌ಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಅದು ಇಳಿಯುತ್ತದೆ: 100 ತೆಗೆದರೆ ಹತ್ತನೇ ಒಂದು ಭಾಗಕ್ಕೆ, 10,000 ತೆಗೆದರೆ ನೂರನೇ ಒಂದು ಭಾಗಕ್ಕೆ. ಆದರೆ ನಿಮ್ಮ ಚಿಪ್ ಸೆಕೆಂಡಿಗೆ 10 ರೀಡಿಂಗ್ ಕೊಡುತ್ತಿದ್ದರೆ 10,000ಕ್ಕೆ ಸುಮಾರು 17 ನಿಮಿಷ ಹಿಡಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಶೀಟಿನ ಛಾವಣಿಯ ಶೆಡ್ಡಿನೊಳಗೆ ಅಷ್ಟು ಹೊತ್ತಿನಲ್ಲಿ ಸೆಲ್‌ನ ಲೋಹ, ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್ (ಲೋಹ ಬಾಗಿದಾಗ ರೋಧ ಬದಲಾಗುವ ತೆಳು ಪಟ್ಟಿ), ಬೋರ್ಡಿನ ಆಂಪ್ಲಿಫೈಯರ್ ಎಲ್ಲವೂ ಬಿಸಿಯಾಗುತ್ತಾ ಹೋಗುತ್ತವೆ. ಇದರಿಂದ ಸೊನ್ನೆ ಒಂದೇ ದಿಕ್ಕಿಗೆ ಸಮನಾಗಿ 2 ಗ್ರಾಂ ಸರಿದರೆ ಸರಾಸರಿಯೊಳಗೆ 1 ಗ್ರಾಂ ತಪ್ಪು ಉಳಿದೇ ಉಳಿಯುತ್ತದೆ, ಏಕೆಂದರೆ ಹೀಗೆ ನಿಧಾನವಾಗಿ ಸರಿಯುವ ಡ್ರಿಫ್ಟ್‌ಗೆ ಪ್ಲಸ್ ಮೈನಸ್ ಆಗಿ ಕಳೆದುಹೋಗುವ ಗುಣವಿಲ್ಲ. ಪರದೆಯ ಮೇಲೆ ಅಂಕಿ ಅಲುಗಾಡದೆ ನಿಂತಿರುವುದರಿಂದ ಅಳತೆಯೂ ಸರಿಯಾಗಿದೆ ಎಂಬ ಭಾವನೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ಅತಿ ಸರಾಸರಿಯ ನಿಜವಾದ ಅಪಾಯ ಇದೇ.

ಹಾಗಾದರೆ ಎಷ್ಟು ಹೊತ್ತಿನ ಸರಾಸರಿ ಸೂಕ್ತ? ಪರಮಾಣು ಗಡಿಯಾರಗಳಿಗಾಗಿ ಡೇವಿಡ್ ಅಲನ್ 1966ರಲ್ಲಿ ಪ್ರಕಟಿಸಿದ ವಿಧಾನ ಇಲ್ಲಿಯೂ ಸಲ್ಲುತ್ತದೆ. ಖಾಲಿ ತಟ್ಟೆಯ ರೀಡಿಂಗ್‌ಗಳನ್ನು ಒಂದೆರಡು ಗಂಟೆ ದಾಖಲಿಸಿಕೊಳ್ಳಿ. ಅದನ್ನು 1, 2, 5, 10, 20 ಸೆಕೆಂಡುಗಳ ತುಂಡುಗಳಾಗಿ ಒಡೆದು, ಪ್ರತಿ ಅಳತೆಯ ತುಂಡಿಗೂ ಅಕ್ಕಪಕ್ಕದ ಸರಾಸರಿಗಳ ನಡುವಿನ ವ್ಯತ್ಯಾಸ ಎಷ್ಟಿದೆ ಎಂದು ನೋಡಿ. ತುಂಡು ಉದ್ದವಾದಂತೆ ವ್ಯತ್ಯಾಸ ಮೊದಲು ಇಳಿದು, ಒಂದು ಹಂತದಲ್ಲಿ ನಿಂತು, ಆಮೇಲೆ ಏರತೊಡಗುತ್ತದೆ. ಆ ತಗ್ಗಿನ ಜಾಗವೇ ನಿಮ್ಮ ಉಪಕರಣದ ಮಿತಿ; ಅದನ್ನು ದಾಟಿ ಸರಾಸರಿ ಮಾಡುವುದು ವ್ಯರ್ಥ.

ಡ್ರಿಫ್ಟನ್ನು ಕಳೆಯಲು ಬೇಕಾದದ್ದು ಹೋಲಿಕೆ. ಖಾಲಿ, ತೂಕ, ಖಾಲಿ ಎಂಬ ಕ್ರಮದಲ್ಲಿ ಸಮಾನ ಅಂತರದಲ್ಲಿ ಓದಿ. ಮೊದಲ ಖಾಲಿ 12, ವಸ್ತು ಇಟ್ಟಾಗ 1015, ಮತ್ತೆ ಖಾಲಿ 18 ಬಂತೆನ್ನಿ. ಮೊದಲ ಖಾಲಿಯನ್ನಷ್ಟೇ ಕಳೆದರೆ 1003 ಗ್ರಾಂ ಆಗುತ್ತದೆ. ಎರಡೂ ಖಾಲಿಗಳ ಸರಾಸರಿಯಾದ 15ನ್ನು ಕಳೆದರೆ ಸರಿಯಾದ 1000 ಸಿಗುತ್ತದೆ. ಸಮನಾದ ವೇಗದಲ್ಲಿ ಸರಿಯುವ ಡ್ರಿಫ್ಟ್ ಹೀಗೆ ಪೂರ್ತಿ ಕಳೆದುಹೋಗುತ್ತದೆ. ಈ ಸುತ್ತನ್ನೇ ಹಲವು ಬಾರಿ ಮಾಡಿ, ಸಿಕ್ಕ ವ್ಯತ್ಯಾಸಗಳ ಸರಾಸರಿ ತೆಗೆಯಿರಿ. ಆಗ ವರ್ಗಮೂಲದ ಲಾಭವೂ ಕೈಸೇರುತ್ತದೆ. ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್‌ಗಳು ಆಟೋ ಜೀರೋ ಹೆಸರಿನಲ್ಲಿ ತಮ್ಮೊಳಗೇ ಮಾಡಿಕೊಳ್ಳುವುದೂ ಇದನ್ನೇ, ಭೌತವಿಜ್ಞಾನಿ ರಾಬರ್ಟ್ ಡಿಕ್ಕೆ ತಮ್ಮ ರೇಡಿಯೋಮೀಟರನ್ನು (ಕ್ಷೀಣ ರೇಡಿಯೋ ವಿಕಿರಣ ಅಳೆಯುವ ಉಪಕರಣ) ಆಂಟೆನಾಕ್ಕೂ ಒಂದು ಉಲ್ಲೇಖ ಮೂಲಕ್ಕೂ ಬೇಗಬೇಗನೆ ಬದಲಿಸುತ್ತಾ 1946ರಲ್ಲಿ ಮಾಡಿದ್ದೂ ಇದನ್ನೇ. ಟ್ಯಾಂಕಿನಂತೆ ಖಾಲಿ ಮಾಡಲಾಗದ ಕಡೆ ಬ್ರಿಜ್‌ಗೆ (ಸೆಲ್‌ನೊಳಗಿನ ಗೇಜ್‌ಗಳ ಸರ್ಕ್ಯೂಟ್) ಕೊಡುವ ವೋಲ್ಟೇಜಿನ ದಿಕ್ಕನ್ನು ಅದಲುಬದಲು ಮಾಡಿ ಓದುವ ಪದ್ಧತಿಯಿದೆ. ಅದರಿಂದ ಆಂಪ್ಲಿಫೈಯರ್ ತಾನಾಗಿ ಸೇರಿಸುವ ತಪ್ಪು, ಅಂದರೆ ಆಫ್‌ಸೆಟ್, ಹೋಗುತ್ತದೆ, ಗೇಜ್‌ನದೇ ಆದ ಉಷ್ಣತೆಯ ಪರಿಣಾಮ ಹೋಗುವುದಿಲ್ಲ.

ನಿಮ್ಮ ಬೋರ್ಡಿನ ವಿಷಯಕ್ಕೆ ಬಂದರೆ, ವೇಗವನ್ನು ಸೆಕೆಂಡಿಗೆ 80 ರೀಡಿಂಗ್‌ಗೆ ಏರಿಸದೆ 10ರಲ್ಲೇ ಬಿಡಿ. ಕರೆಂಟ್ ಲೈನಿನ 50 ಹರ್ಟ್ಸ್ ಹಮ್ ಆ ವೇಗದಲ್ಲಿ ಚೆನ್ನಾಗಿ ಸೋಸಿಹೋಗುತ್ತದೆ. ವಸ್ತು ಇಟ್ಟಾಗಲೂ ತೆಗೆದಾಗಲೂ ಚಿಪ್‌ನ ಔಟ್‌ಪುಟ್ ನೆಲೆಗೊಳ್ಳಲು 400 ಮಿಲಿಸೆಕೆಂಡ್ ಬೇಕು, ತಟ್ಟೆಯ ಅಲುಗಾಟ ನಿಲ್ಲಲು ಇನ್ನೂ ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಪ್ರತಿ ಬದಲಾವಣೆಯ ನಂತರದ ಮೊದಲ ಹತ್ತು ರೀಡಿಂಗ್‌ಗಳನ್ನು ಕೈಬಿಟ್ಟು, ಹನ್ನೊಂದನೆಯದರಿಂದ ಸರಾಸರಿಗೆ ಸೇರಿಸಿ.