ಓದುಗರ ಪ್ರಶ್ನೆ: ಡ್ರೋನ್ ಹೊಡೆದರೆ ಬಲ ಹೆಚ್ಚುತ್ತದಾ, ಕರಗುತ್ತದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೋನ್ ದಾಳಿಗಳ ಬಗ್ಗೆಯೇ ಇದ್ದವು. ಕೇಳಿದವರು ಬೇರೆ ಬೇರೆಯಾದರೂ ಒಂದು ಪ್ರಶ್ನೆಯ ಬಾಲ ಇನ್ನೊಂದಕ್ಕೆ ಸುತ್ತಿಕೊಂಡಿತ್ತು. ಹಾಗಾಗಿ ಉಳಿದ ವಿಷಯಗಳನ್ನು ಮುಂದಿನ ಸಂಚಿಕೆಗೆ ತಳ್ಳಿ, ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಡ್ರೋನ್ ದಾಳಿಯಲ್ಲಿ ತನ್ನ ಸೈನಿಕ ಸಾಯುವುದಿಲ್ಲ, ಶತ್ರು ಮಾತ್ರ ಸಾಯುತ್ತಾನೆ. ಹಾಗಿದ್ದರೆ ಅಮೆರಿಕದ ಪ್ರಭಾವ ಹೆಚ್ಚಬೇಕಿತ್ತು ಅಲ್ವಾ? ಕಮ್ಮಿಯಾಯಿತು ಅಂತ ಯಾಕೆ ಹೇಳುತ್ತಾರೆ?

ಉತ್ತರ: ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಡ್ರೋನ್‌ನ ಆಕರ್ಷಣೆ ಇರುವುದೇ ಅಲ್ಲಿ. ಆದರೆ ಹಾವು ಸತ್ತಿದ್ದು ಯಾರ ಹಿತ್ತಲಲ್ಲಿ, ಒಳಗೆ ಬರುವ ಮುಂಚೆ ಆ ಮನೆಯವರನ್ನು ಕೇಳಿದ್ದರಾ ಅನ್ನುವುದನ್ನು ಈ ಗಾದೆ ಹೇಳುವುದಿಲ್ಲ.

ಶುರುವಿನಿಂದಲೇ ನೋಡಿ. 2000ದ ಅಕ್ಟೋಬರ್‌ನಲ್ಲಿ ಯೆಮೆನ್‌ನ ಏಡನ್ ಬಂದರಿನಲ್ಲಿ ಅಮೆರಿಕದ ಯುಎಸ್‌ಎಸ್ ಕೋಲ್ ಹಡಗಿನ ಮೇಲೆ ದಾಳಿಯಾಗಿ 17 ನಾವಿಕರು ಸತ್ತರು. ಅದರ ಸಂಚುಕೋರ ಎಂದು ಅಮೆರಿಕ ಹುಡುಕುತ್ತಿದ್ದ ಅಲ್ ಹಾರಿಥಿ ಎಂಬಾತನ ಕಾರಿಗೆ 2002ರ ನವೆಂಬರ್ 3ರಂದು ಯೆಮೆನ್‌ನ ಮಾರಿಬ್‌ನಲ್ಲಿ ಸಿಐಎಯ ಪ್ರಿಡೇಟರ್ ಡ್ರೋನ್ ಹೆಲ್‌ಫೈರ್ ಕ್ಷಿಪಣಿ ಹೊಡೆಯಿತು. ಘೋಷಿತ ಯುದ್ಧರಂಗದ ಹೊರಗೆ ಹೀಗೆ ಹೊಡೆದಿದ್ದು ಅದೇ ಮೊದಲು. ಯೆಮೆನ್ ಸರ್ಕಾರ ಒಳಗೊಳಗೇ ಒಪ್ಪಿತ್ತು. ಒಂದೇ ಒಂದು ಷರತ್ತು, ವಿಷಯ ಹೊರಗೆ ಬರಬಾರದು. ಎರಡೇ ದಿನಕ್ಕೆ ಪೆಂಟಗನ್‌ನ ಎರಡನೇ ಅಧಿಕಾರಿ ಪಾಲ್ ವುಲ್ಫೋವಿಟ್ಸ್ ಟಿವಿಯಲ್ಲಿ ಕೂತು ಅದನ್ನು ಹೊಗಳಿದರು! ಯೆಮೆನ್‌ನವರಿಗೆ ಎಷ್ಟು ಸಿಟ್ಟು ಬಂದಿರಬಹುದು ಯೋಚಿಸಿ.

ಪಾಕಿಸ್ತಾನದಲ್ಲೂ ಇದೇ ನಾಟಕ, ಇನ್ನೂ ಉದ್ದಕ್ಕೆ ನಡೆಯಿತು. 2004ರ ಜೂನ್‌ನಲ್ಲಿ ದಕ್ಷಿಣ ವಜೀರಿಸ್ತಾನದಲ್ಲಿ ನೇಕ್ ಮೊಹಮ್ಮದ್ ಎಂಬ ತಾಲಿಬಾನ್ ನಾಯಕ ಸತ್ತಾಗ ಪಾಕ್ ಸೇನೆ ಅದು ತನ್ನದೇ ದಾಳಿ ಎಂದು ಹೇಳಿಕೊಂಡಿತು. ಆಮೇಲೆ ವರ್ಷಗಟ್ಟಲೆ ಸರ್ಕಾರ ಹಗಲು ಹೊತ್ತು ದಾಳಿಯನ್ನು ಖಂಡಿಸುವುದು, ಬಾಗಿಲು ಹಾಕಿಕೊಂಡ ಮೇಲೆ ತಲೆಯಾಡಿಸುವುದು. ಕೆಲವು ದಾಳಿಗಳಿಗೆ ತಾವೇ ಒಪ್ಪಿಗೆ ಕೊಟ್ಟಿದ್ದೆವು ಅಂತ ಮಾಜಿ ಅಧ್ಯಕ್ಷ ಮುಷರಫ್ ಬಾಯಿಬಿಟ್ಟಿದ್ದು 2013ರಲ್ಲಿ. ಅದೇ ವರ್ಷ ಪೇಶಾವರ ಹೈಕೋರ್ಟ್ ಈ ದಾಳಿಗಳು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು.

2011ರ ಮಾರ್ಚ್ 17ರ ಘಟನೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಉತ್ತರ ವಜೀರಿಸ್ತಾನದ ದತ್ತಾ ಖೇಲ್‌ನಲ್ಲಿ ಒಂದು ಕ್ರೋಮೈಟ್ ಗಣಿಯ ಜಗಳ ಬಗೆಹರಿಸಲು ಊರ ಹಿರಿಯರು ಜಿರ್ಗಾ, ಅಂದರೆ ಪಂಚಾಯಿತಿ ಸೇರಿದ್ದರು. ಕ್ಷಿಪಣಿ ಅಲ್ಲಿಗೇ ಬಿತ್ತು. ಸುಮಾರು 40 ಜನ ಸತ್ತರು. ಅಲ್ಲಿ ಉಗ್ರರಿದ್ದರು ಅಂತ ಅಮೆರಿಕದ ಅಧಿಕಾರಿಗಳು ಹೇಳಿದರು. ಸತ್ತವರಲ್ಲಿ ಹೆಚ್ಚಿನವರು ಬುಡಕಟ್ಟಿನ ಹಿರಿಯರು ಅಂತ ಊರವರು ಹೇಳಿದರು, ಪಾಕಿಸ್ತಾನದ ಸೇನಾ ಮುಖ್ಯಸ್ಥ ಕಯಾನಿ ಕೂಡ ಬಹಿರಂಗವಾಗಿ ಖಂಡಿಸಿದರು. ತಾಲಿಬಾನ್‌ಗೆ ಅಡ್ಡ ನಿಲ್ಲಬಲ್ಲ ಶಕ್ತಿ ಆ ಊರುಗಳಲ್ಲಿ ಯಾರಿಗಾದರೂ ಇದ್ದರೆ ಅದು ಇಂಥ ಹಿರಿಯರಿಗೇ ಇತ್ತು. ಅವರನ್ನೇ ಕಳೆದುಕೊಂಡ ಮೇಲೆ ಯಾರ ಜತೆ ಮಾತಾಡುತ್ತೀರಿ?

ಬೇರೆಯವರು ಬಾಯಿಬಿಟ್ಟು ‘ಸರಿ, ನಿನ್ನ ಜತೆ ಇದ್ದೇನೆ’ ಅನ್ನಬೇಕು, ನಾನು ಪ್ರಭಾವ ಅನ್ನುವುದು ಅದಕ್ಕೆ. ಕದ್ದು ಮುಚ್ಚಿ ಒಪ್ಪಿ, ಬೀದಿಯಲ್ಲಿ ಬೈದರೆ ಅದು ಬರೀ ಅನಿವಾರ್ಯತೆ. ಜನಾಭಿಪ್ರಾಯ ಸಮೀಕ್ಷೆ ಮಾಡುವ ಪ್ಯೂ ಸಂಸ್ಥೆ 2012ರಲ್ಲಿ 20 ದೇಶಗಳಲ್ಲಿ ಕೇಳಿದಾಗ 17 ದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ದಾಳಿಗಳನ್ನು ಒಪ್ಪಲಿಲ್ಲ. ಅದರಲ್ಲಿ ಯುರೋಪಿನ ಮಿತ್ರ ದೇಶಗಳೂ ಇದ್ದವು.

ಪ್ರಶ್ನೆ: ‘ನಿಖರ ದಾಳಿ’ ಅಂತ ಪದೇ ಪದೇ ಓದುತ್ತೇವೆ. ಎಷ್ಟು ನಿಜ?

ಉತ್ತರ: ಕ್ಷಿಪಣಿಯ ಮಟ್ಟಿಗೆ ಬಹಳ ನಿಜ. ಗುರಿಯಿಟ್ಟ ಕಿಟಕಿಗೇ ಹೋಗಿ ಬೀಳುತ್ತದೆ. 2022ರ ಜುಲೈ 31ರಂದು ಅಲ್ ಖೈದಾದ ಮುಖ್ಯಸ್ಥ ಜವಾಹಿರಿ ಕಾಬೂಲ್‌ನ ಮನೆಯ ಬಾಲ್ಕನಿಯಲ್ಲಿ ನಿಂತಿದ್ದಾಗ ಹೊಡೆದರು. ಅವನ ಮನೆಯವರು ಯಾರೂ ಸಾಯಲಿಲ್ಲ ಅಂತ ಅಮೆರಿಕ ಹೇಳಿತು.

ತೊಂದರೆ ಇರುವುದು ಕಿಟಕಿಯ ಹಿಂದೆ ಯಾರಿದ್ದಾರೆ ಅನ್ನುವುದರಲ್ಲಿ. ಜವಾಹಿರಿಯನ್ನು ಹೊಡೆಯುವ 11 ತಿಂಗಳು ಮುಂಚೆ, 2021ರ ಆಗಸ್ಟ್ 29ರಂದು, ಅದೇ ಕಾಬೂಲ್‌ನಲ್ಲಿ ಒಂದು ಬಿಳಿ ಟೊಯೊಟಾ ಕಾರನ್ನು ಗಂಟೆಗಟ್ಟಲೆ ಹಿಂಬಾಲಿಸಿ ಹೊಡೆದರು. ಕಾರಿನಲ್ಲಿ ತುಂಬುತ್ತಿರುವುದು ಸ್ಫೋಟಕ ಅಂತ ಪರದೆ ನೋಡುತ್ತಿದ್ದವರು ಭಾವಿಸಿದ್ದರು. ಅದು ನೀರಿನ ಕ್ಯಾನು. ಕಾರು ಒಂದು ನೆರವು ಸಂಸ್ಥೆಯ ನೌಕರನದು. 10 ಜನ ಸತ್ತರು, ಅವರಲ್ಲಿ 7 ಮಕ್ಕಳು. ಸೇನೆಯ ಅತ್ಯುನ್ನತ ಅಧಿಕಾರಿ ಮೊದಲು ಅದನ್ನು ನ್ಯಾಯವಾದ ದಾಳಿ ಎಂದೇ ಕರೆದರು, ಪತ್ರಕರ್ತರು ಅಲ್ಲಿಗೆ ಹೋಗಿ ಕೆದಕಿದ ಮೇಲೆ ಸೆಪ್ಟೆಂಬರ್ 17ರಂದು ತಪ್ಪು ಒಪ್ಪಿಕೊಂಡಿದ್ದಾಯಿತು. ಯಾರಿಗೂ ಶಿಕ್ಷೆಯಿಲ್ಲ ಅಂತ ಡಿಸೆಂಬರ್‌ನಲ್ಲಿ ತೀರ್ಮಾನವಾಯಿತು. ಹೊಡೆದಿದ್ದು ರಾಜಧಾನಿಯಲ್ಲಿ, ಇಡೀ ಜಗತ್ತಿನ ಕ್ಯಾಮೆರಾ ಅಲ್ಲಿತ್ತು, ಅದಕ್ಕೆ ಸತ್ಯ ಹೊರಗೆ ಬಂತು. ವಜೀರಿಸ್ತಾನದ ಕಣಿವೆಗೆ ಯಾವ ಕ್ಯಾಮೆರಾ ಹೋಗಿತ್ತು?

ಇನ್ನು ಲೆಕ್ಕ. 2009ರಿಂದ 2015ರವರೆಗೆ, ಯುದ್ಧರಂಗದ ಹೊರಗೆ ಮಾಡಿದ 473 ದಾಳಿಗಳಲ್ಲಿ ಸತ್ತ ನಾಗರಿಕರು 64ರಿಂದ 116 ಎಂದು ಒಬಾಮಾ ಸರ್ಕಾರ 2016ರಲ್ಲಿ ಹೇಳಿತು. ಲಂಡನ್ನಿನ ತನಿಖಾ ಪತ್ರಕರ್ತರ ಸಂಸ್ಥೆ ಬ್ಯೂರೋ ಆಫ್ ಇನ್ವೆಸ್ಟಿಗೇಟಿವ್ ಜರ್ನಲಿಸಂನ ಲೆಕ್ಕ 380ರಿಂದ 801. ಇಷ್ಟು ಅಂತರ ಯಾಕೆ? ಒಂದು ಕಾರಣ, ಹೆಸರೇ ಗೊತ್ತಿಲ್ಲದವರನ್ನು ಬರೀ ಅವರ ಓಡಾಟದ ರೀತಿ ನೋಡಿ ಉಗ್ರ ಎಂದು ತೀರ್ಮಾನಿಸಿ ಹೊಡೆಯುವ ಪದ್ಧತಿ. ಹೆಸರು ಗೊತ್ತಿಲ್ಲದವನು ಸತ್ತಾಗ ಅವನು ಯಾರೆಂದು ಬರೆದುಕೊಳ್ಳುವವನೂ ಹೊಡೆದವನೇ. ಪ್ರತಿ ವರ್ಷ ಇಂಥ ಲೆಕ್ಕ ಕೊಡಬೇಕೆಂಬ ಒಬಾಮಾ ಆದೇಶವನ್ನೂ 2019ರ ಮಾರ್ಚ್‌ನಲ್ಲಿ ಟ್ರಂಪ್ ತೆಗೆದುಹಾಕಿದರು.

ಒಂದು ಮಾತು ಸೇರಿಸಬೇಕು. ವಿಮಾನದಿಂದ ದೊಡ್ಡ ಬಾಂಬು ಹಾಕಿದ್ದರೆ, ಅಥವಾ ಸೇನೆಯೇ ಒಳಗೆ ನುಗ್ಗಿದ್ದರೆ ಇದಕ್ಕಿಂತ ಜಾಸ್ತಿ ಜನ ಸಾಯುತ್ತಿದ್ದರು ಅನ್ನುವ ವಾದ ಸುಳ್ಳಲ್ಲ. ಆದರೆ ಡ್ರೋನ್ ಇಲ್ಲದಿದ್ದರೆ ಆ ನೂರಾರು ದಾಳಿಗಳಲ್ಲಿ ಎಷ್ಟು ನಡೆಯುತ್ತಿದ್ದವು? ಪಾಕಿಸ್ತಾನದಲ್ಲಿ 2010ರ ಒಂದೇ ವರ್ಷ ನೂರಕ್ಕೂ ಹೆಚ್ಚು ದಾಳಿಗಳಾದವು. ಅಷ್ಟು ಸಲ ಪೈಲಟ್ ಇರುವ ವಿಮಾನ ಕಳಿಸಲು ಯಾವ ಅಧ್ಯಕ್ಷನಿಗೂ ಧೈರ್ಯ ಬರುತ್ತಿರಲಿಲ್ಲ.

ಪ್ರಶ್ನೆ: ಡ್ರೋನ್ ಹಾರಿಸುವವರು ಎಲ್ಲಿರುತ್ತಾರೆ?

ಉತ್ತರ: ಹೆಚ್ಚಾಗಿ ಅಮೆರಿಕದಲ್ಲೇ. ನೆವಾಡಾದ ಕ್ರೀಚ್ ವಾಯುನೆಲೆ ಅದಕ್ಕೆ ಹೆಸರುವಾಸಿ, ಲಾಸ್ ವೇಗಸ್‌ಗೆ ಹತ್ತಿರ. ಸಂಕೇತಗಳು ಜರ್ಮನಿಯ ರಾಮ್‌ಸ್ಟೈನ್ ನೆಲೆಯ ಮೂಲಕ ಹೋಗುತ್ತವೆ. ಅದೇ ಕಾರಣಕ್ಕೆ ಯೆಮೆನ್‌ನಲ್ಲಿ ತಮ್ಮವರನ್ನು ಕಳೆದುಕೊಂಡವರು ಜರ್ಮನಿಯ ಮೇಲೆ ಕೇಸು ಹಾಕಿದರು. 2025ರ ಜುಲೈನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದಲ್ಲಿ ಸೋತರು. ಆದರೂ ಒಂದು ಮಿತ್ರದೇಶ ಹತ್ತು ವರ್ಷ ಕೋರ್ಟಿನಲ್ಲಿ ‘ನಮಗೂ ಇದಕ್ಕೂ ಸಂಬಂಧವಿಲ್ಲ’ ಅಂತ ವಾದಿಸಬೇಕಾಗಿ ಬಂತು.

ಪ್ರಶ್ನೆ: ಅಮೆರಿಕ ಡ್ರೋನ್ ಮಾರಲು ಹಿಂದೇಟು ಹಾಕಿದ್ದರಿಂದಲೇ ಚೀನಾ, ಟರ್ಕಿ ಮುಂದೆ ಬಂದವು ಅನ್ನುತ್ತಾರೆ. ಹೌದಾ?

ಉತ್ತರ: ಅರ್ಧ ಹೌದು. 1987ರ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಒಪ್ಪಂದ 500 ಕಿಲೋ ಹೊತ್ತು 300 ಕಿಲೋಮೀಟರ್ ಹೋಗಬಲ್ಲ ಯಾವುದನ್ನೂ ಸುಲಭವಾಗಿ ಮಾರಬೇಡಿ ಅನ್ನುತ್ತದೆ. ಅಮೆರಿಕದ ದೊಡ್ಡ ಶಸ್ತ್ರಸಜ್ಜಿತ ಡ್ರೋನ್ ರೀಪರ್ ಆ ಸಾಲಿಗೆ ಬಿತ್ತು. ಬ್ರಿಟನ್‌ನಂಥ ಕೆಲವರಿಗೆ ಬಿಟ್ಟರೆ ಉಳಿದವರಿಗೆ ಶಸ್ತ್ರವಿರುವ ಡ್ರೋನ್ ಸಿಗಲಿಲ್ಲ. ಚೀನಾ ಆ ಒಪ್ಪಂದದಲ್ಲೇ ಇಲ್ಲ. ಸೌದಿ, ಎಮಿರೇಟ್ಸ್, ಈಜಿಪ್ಟ್, ನೈಜೀರಿಯಾ ಎಲ್ಲರಿಗೂ ಮಾರಿತು. ಅಮೆರಿಕದ ಸೈನಿಕರೇ ಬೀಡುಬಿಟ್ಟಿದ್ದ ಇರಾಕ್ ಕೂಡ ಚೀನಾದ ಸಿಎಚ್-4 ಕೊಂಡಿತು. 2020ರಲ್ಲಿ ಅಮೆರಿಕ, ಗಂಟೆಗೆ 800 ಕಿಲೋಮೀಟರ್‌ಗಿಂತ ನಿಧಾನ ಹೋಗುವ ಡ್ರೋನ್‌ಗೆ ಆ ಕಟ್ಟು ಅನ್ವಯಿಸದು ಅಂತ ತನ್ನಷ್ಟಕ್ಕೆ ಅರ್ಥ ಬದಲಿಸಿಕೊಂಡಿತು. ಅಷ್ಟರಲ್ಲಿ ಸಂತೆ ಮುಗಿದಿತ್ತು.

ಅದೇ ವರ್ಷ ಟರ್ಕಿಯ ಬೈರಕ್ತಾರ್ ಟಿಬಿ2 ಮತ್ತು ಇಸ್ರೇಲಿನ ಡ್ರೋನ್‌ಗಳನ್ನು ಇಟ್ಟುಕೊಂಡು ಅಜರ್‌ಬೈಜಾನ್, 1994ರ ಕದನವಿರಾಮದಿಂದ ಹೆಪ್ಪುಗಟ್ಟಿದ್ದ, ಅರ್ಮೇನಿಯಾ ಜತೆಗಿನ ನಾಗೋರ್ನೊ ಕಾರಬಾಖ್ ಪ್ರದೇಶದ ಜಗಳವನ್ನು 44 ದಿನಗಳ ಯುದ್ಧದಲ್ಲಿ ತನ್ನ ಕಡೆಗೆ ತಿರುಗಿಸಿತು. ಡ್ರೋನ್ ಒಂದರಿಂದಲೇ ಗೆದ್ದರು ಅನ್ನುವುದು ಉತ್ಪ್ರೇಕ್ಷೆ. ಆದರೆ ‘ಈಗ ಯುದ್ಧ ಮಾಡಿದರೆ ದಕ್ಕುತ್ತದೆ’ ಅನ್ನುವ ಧೈರ್ಯ ಕೊಟ್ಟಿದ್ದರಲ್ಲಿ ಅದರ ಪಾಲು ದೊಡ್ಡದು.

ನನಗೆ ಯಂತ್ರ ಹರಡಿದ್ದಕ್ಕಿಂತ ಜಾಸ್ತಿ ಚಿಂತೆಯಾಗುವುದು ವಾದ ಹರಡಿದ್ದು. ‘ಆ ದೇಶಕ್ಕೆ ಉಗ್ರರನ್ನು ಹಿಡಿಯಲು ಮನಸ್ಸಿಲ್ಲ ಅಥವಾ ಕೈಲಾಗುವುದಿಲ್ಲ, ಅದಕ್ಕೆ ನಾವೇ ಹೊಡೆಯುತ್ತೇವೆ’ ಎನ್ನುವ ಅಮೆರಿಕದ ವಾದವನ್ನು ಟರ್ಕಿ ಹೆಚ್ಚುಕಮ್ಮಿ ಅದೇ ಮಾತುಗಳಲ್ಲಿ ಸಿರಿಯಾದ ವಿಷಯದಲ್ಲಿ ವಿಶ್ವಸಂಸ್ಥೆಗೆ ಬರೆದು ಕೊಟ್ಟಿತು. ಬಾಯಿಪಾಠ ಮಾಡಿಸಿದವರು ಈಗ ಮಗ್ಗಿ ತಪ್ಪು ಅಂದರೆ ಯಾರು ಕೇಳುತ್ತಾರೆ?

ಪ್ರಶ್ನೆ: ಸುಲೈಮಾನಿ ಹತ್ಯೆಯಿಂದ ಇರಾನ್ ಹೆದರಿತೋ, ಕೆರಳಿತೋ?

ಉತ್ತರ: ಎರಡೂ, ಸ್ವಲ್ಪ ಸ್ವಲ್ಪ. 2020ರ ಜನವರಿ 3ರಂದು ಬಾಗ್ದಾದ್ ವಿಮಾನ ನಿಲ್ದಾಣದ ಬಳಿ ಇರಾನಿನ ಸೇನಾಧಿಕಾರಿ ಕಾಸಿಂ ಸುಲೈಮಾನಿಯನ್ನು ಡ್ರೋನ್ ಕೊಂದಿತು. ಇಲ್ಲಿ ಸತ್ತವನು ತಲೆಮರೆಸಿಕೊಂಡ ಉಗ್ರನಲ್ಲ, ಒಂದು ದೇಶದ ಸೇನೆಯ ಅಧಿಕಾರಿ. ಅದೂ ಮೂರನೇ ದೇಶದ ನೆಲದಲ್ಲಿ. ಎರಡು ದಿನಕ್ಕೆ ಇರಾಕಿನ ಸಂಸತ್ತು, ವಿದೇಶಿ ಪಡೆಗಳು ಹೊರಡಲಿ ಅಂತ ಗೊತ್ತುವಳಿ ಮಾಡಿತು. 8ರಂದು ಇರಾನ್, ಇರಾಕಿನಲ್ಲಿ ಅಮೆರಿಕನ್ನರಿದ್ದ ಐನ್ ಅಲ್ ಅಸದ್ ನೆಲೆಗೆ ಕ್ಷಿಪಣಿ ಹೊಡೆದು ನೂರಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಮಿದುಳಿಗೆ ಪೆಟ್ಟಾಯಿತು. ತಮಾಷೆ ಅಂದರೆ ಇಬ್ಬರೂ ಸಮರ್ಥನೆಗೆ ಹಿಡಿದದ್ದು ವಿಶ್ವಸಂಸ್ಥೆ ಸನ್ನದಿನ 51ನೇ ವಿಧಿಯನ್ನೇ, ಅಂದರೆ ಆತ್ಮರಕ್ಷಣೆ. ಅದೇ ದಿನ ಬೆಳಿಗ್ಗೆ ಗಾಬರಿಯಲ್ಲಿದ್ದ ಇರಾನಿನ ರಕ್ಷಣಾ ಪಡೆ ಟೆಹ್ರಾನ್‌ನಿಂದ ಮೇಲೇರಿದ ಉಕ್ರೇನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತು. 176 ಜನ. ಜಗಳಕ್ಕೆ ಸಂಬಂಧವೇ ಇಲ್ಲದವರು.

ಉಲ್ಟಾ ಉದಾಹರಣೆಯೂ ಇದೆ, ಮುಚ್ಚಿಡುವುದಿಲ್ಲ. 2019ರ ಜೂನ್‌ನಲ್ಲಿ ಇರಾನ್ ಅಮೆರಿಕದ ಗ್ಲೋಬಲ್ ಹಾಕ್ ಎಂಬ ದೊಡ್ಡ ಕಣ್ಗಾವಲು ಡ್ರೋನನ್ನು ಬೀಳಿಸಿತು. ಪ್ರತಿದಾಳಿಗೆ ಸಿದ್ಧತೆಯಾಗಿತ್ತು. ಆದರೆ ಬಿದ್ದಿದ್ದು ಬರೀ ಯಂತ್ರ, ಅದಕ್ಕೆ 150 ಜನರನ್ನು ಕೊಲ್ಲುವುದು ಸರಿಸಾಟಿಯಲ್ಲ ಅಂತ ಟ್ರಂಪ್ ಕೊನೇ ಗಳಿಗೆಯಲ್ಲಿ ನಿಲ್ಲಿಸಿದರು. ಒಳಗೆ ಒಬ್ಬ ಪೈಲಟ್ ಇದ್ದಿದ್ದರೆ ಕತೆಯೇ ಬೇರೆ ಆಗುತ್ತಿತ್ತು.

ಪ್ರಶ್ನೆ: ಈಗ ಅಗ್ಗದ ಡ್ರೋನ್‌ಗಳ ಕಾಲ. ಇದರಿಂದ ದೊಡ್ಡ ದೇಶಗಳ ಬಲ ಇಳಿಯುತ್ತದಾ?

ಉತ್ತರ: ಇಳಿಯುತ್ತಿದೆ. 2019ರ ಸೆಪ್ಟೆಂಬರ್‌ನಲ್ಲಿ ಸೌದಿಯ ಅಬ್ಕೈಕ್ ತೈಲ ಘಟಕಕ್ಕೆ ಡ್ರೋನ್ ಮತ್ತು ಕ್ಷಿಪಣಿ ಬಿದ್ದು, ದೇಶದ ತೈಲ ಉತ್ಪಾದನೆ ಕೆಲವು ದಿನ ಅರ್ಧಕ್ಕೆ ಇಳಿಯಿತು. ಅದು ಜಗತ್ತಿನ ಪೂರೈಕೆಯ ಸುಮಾರು ಶೇ 5. ಕೋಟಿಗಟ್ಟಲೆ ಡಾಲರ್ ಸುರಿದು ಕೊಂಡ, ವಾಯುದಾಳಿ ತಡೆಯುವ ಪೇಟ್ರಿಯಟ್ ಕ್ಷಿಪಣಿಗಳು ಸುಮ್ನೆ ನಿಂತಿದ್ದವು. 2023ರ ಕೊನೆಯಿಂದ ಯೆಮೆನ್‌ನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳಿಗೆ ಹೊಡೆಯಲು ಶುರು ಮಾಡಿದಾಗ, ಸಾವಿರಗಳ ಲೆಕ್ಕದ ಡ್ರೋನನ್ನು ತಡೆಯಲು ಹತ್ತಾರು ಲಕ್ಷ ಡಾಲರಿನ ಕ್ಷಿಪಣಿ ಬಿಡಬೇಕಾಯಿತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ. ಬ್ರಹ್ಮಾಸ್ತ್ರ ಮುಗಿಯುತ್ತಾ ಬರುತ್ತದೆ, ಗುಬ್ಬಿ ಮುಗಿಯುವುದಿಲ್ಲ. ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು.

ಯೆಮೆನ್ ಎಂದಾಗ ನೆನಪಿಸಿಕೊಳ್ಳಿ, ಮೊದಲ ದಾಳಿ ನಡೆದ ದೇಶ ಅದೇ. 2002ರಲ್ಲಿ ಆಕಾಶ ಒಬ್ಬರ ಕೈಲಿತ್ತು.

ಇನ್ನು ಅಣ್ವಸ್ತ್ರದ ವಿಷಯ ಬಂದರೆ ಇದು ಇನ್ನೂ ಕಗ್ಗಂಟು. 2025ರ ಜೂನ್ 1ರಂದು ಉಕ್ರೇನ್, ಲಾರಿಗಳಲ್ಲಿ ಬಚ್ಚಿಟ್ಟು ರಷ್ಯಾದೊಳಗೆ ಸಾಗಿಸಿದ್ದ ಪುಟ್ಟ ಡ್ರೋನ್‌ಗಳಿಂದ ಸೈಬೀರಿಯಾದ ಬೆಲಾಯಾ ಸೇರಿ ಹಲವು ವಾಯುನೆಲೆಗಳಲ್ಲಿ ನಿಂತಿದ್ದ ಬಾಂಬರ್‌ಗಳನ್ನು ಸುಟ್ಟಿತು. ಅವುಗಳಲ್ಲಿ ಅಣುಬಾಂಬು ಹೊರಬಲ್ಲ ವಿಮಾನಗಳೂ ಇದ್ದವು. ಉಕ್ರೇನಿನ ಮೇಲೆ ಬಾಂಬು ಹಾಕುತ್ತಿದ್ದ ವಿಮಾನಗಳೇ ಅವು, ಹಾಗಾಗಿ ಅದರ ಹಕ್ಕನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅಣ್ವಸ್ತ್ರ ಇರುವ ಎಲ್ಲ ದೇಶಗಳ ಸೇನೆಗಳೂ ಅವತ್ತು ರಾತ್ರಿ ತಮ್ಮ ವಾಯುನೆಲೆಯ ಬೇಲಿಯನ್ನು ಒಂದು ಸಲ ನೆನಪಿಸಿಕೊಂಡಿರುತ್ತವೆ.

ಪ್ರಶ್ನೆ: ಇದಕ್ಕೆ ಕಾನೂನು ಮಾಡಲು ಆಗುವುದಿಲ್ಲವಾ?

ಉತ್ತರ: ಮಾಡಿದ್ದಾರೆ, ಕಾಗದದ ಮೇಲೆ. 2016ರಲ್ಲಿ ಶಸ್ತ್ರಸಜ್ಜಿತ ಡ್ರೋನ್ ಮಾರಾಟ ಮತ್ತು ಬಳಕೆಯ ಬಗ್ಗೆ ಅಮೆರಿಕದ ಮುಂದಾಳತ್ವದಲ್ಲಿ 40ಕ್ಕೂ ಹೆಚ್ಚು ದೇಶಗಳು ಹೇಳಿಕೆಯೊಂದಕ್ಕೆ ಸಹಿ ಹಾಕಿದವು. ಅದು ಯಾರನ್ನೂ ಕಟ್ಟಿಹಾಕುವುದಿಲ್ಲ, ಚೀನಾ, ರಷ್ಯಾ, ಇಸ್ರೇಲ್ ಅದರಲ್ಲಿಲ್ಲ. ಅಮೆರಿಕದ ಒಳಗಿನ ನಿಯಮಗಳದ್ದು ಇನ್ನೊಂದು ಕತೆ. 2013ರಲ್ಲಿ ಒಬಾಮಾ, ನಾಗರಿಕರು ಸಾಯುವುದಿಲ್ಲ ಅನ್ನುವುದು ಹೆಚ್ಚುಕಮ್ಮಿ ಖಚಿತವಾದರೆ ಮಾತ್ರ ಹೊಡೆಯಿರಿ ಅಂದರು. 2017ರಲ್ಲಿ ಟ್ರಂಪ್ ಸಡಿಲಿಸಿದರು, 2022ರಲ್ಲಿ ಬೈಡನ್ ಬಿಗಿ ಮಾಡಿದರು, ಟ್ರಂಪ್ ಮರಳಿ ಬಂದು ಮತ್ತೆ ಸಡಿಲಿಸಿದರು. ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ಒರೆಸಬಹುದು, ಸಂಸತ್ತಿನ ಒಪ್ಪಿಗೆಯೂ ಬೇಡ.

ಸಂಸತ್ತು ತನ್ನ ಕೈ ಕಟ್ಟಿಕೊಂಡಿದ್ದು ಬಹಳ ಹಿಂದೆ. 2001ರ ಸೆಪ್ಟೆಂಬರ್ 14ರಂದು, ಅವಳಿ ಗೋಪುರ ಬಿದ್ದ ಮೂರು ದಿನಕ್ಕೆ, ದಾಳಿಕೋರರ ವಿರುದ್ಧ ಬಲಪ್ರಯೋಗಕ್ಕೆ ಅಧ್ಯಕ್ಷರಿಗೆ ಅಧಿಕಾರ ಕೊಡುವ ಪುಟ್ಟ ಮಸೂದೆ ಪಾಸಾಯಿತು. ಅದಕ್ಕೆ ಗಡಿಯೂ ಇಲ್ಲ, ಮುಗಿಯುವ ದಿನಾಂಕವೂ ಇಲ್ಲ. ಯೆಮೆನ್, ಸೊಮಾಲಿಯಾದ ದಾಳಿಗಳಿಗೆಲ್ಲ ಅದನ್ನೇ ತೋರಿಸುತ್ತಾ ಬಂದಿದ್ದಾರೆ. ಸೆನೆಟ್‌ನಲ್ಲಿ 98 ಮತ, ವಿರೋಧ ಸೊನ್ನೆ. ಕೆಳಮನೆಯಲ್ಲಿ 420ಕ್ಕೆ 1. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಆಮೇಲೆ ಅವರಿಗೆ ಎಷ್ಟು ಬೆದರಿಕೆಗಳು ಬಂದವೆಂದರೆ ಪೊಲೀಸ್ ಕಾವಲು ಕೊಡಬೇಕಾಯಿತು.