ಜರ್ಮನ್ ಯಹೂದಿ ಚಿಂತಕ ವಾಲ್ಟರ್ ಬೆಂಜಮಿನ್ 1940ರಲ್ಲಿ ನಾಜಿಗಳಿಂದ ತಪ್ಪಿಸಿಕೊಳ್ಳಲು ನಡೆದ ಪಿರೆನೀಸ್ ಪರ್ವತದ ದಾರಿಯಲ್ಲಿ ಒಂದೇ ದಿನದಲ್ಲಿ ಚಾರಣ ಮುಗಿಸಬಹುದೇ?

ಮುಗಿಸಬಹುದು. ಫ್ರಾನ್ಸಿನ ಬಾನ್ಯುಲ್ಸ್‌ನಿಂದ ಸ್ಪೇನಿನ ಪೋರ್ಟ್‌ಬೌವರೆಗೆ ಸುಮಾರು 15 ಕಿ.ಮೀ. ಏರು 500 ಮೀಟರಿಗಿಂತ ತುಸು ಹೆಚ್ಚು. ವಿಶ್ರಾಂತಿ ಸೇರಿ ಆರೇಳು ಗಂಟೆ ಇಟ್ಟುಕೊಳ್ಳಿ.

ಬಾನ್ಯುಲ್ಸ್ ಕಡೆಯಿಂದಲೇ ಹೊರಡಿ. ಬೆಂಜಮಿನ್ ನಡೆದ ದಿಕ್ಕೂ ಅದೇ, ಏರು ಕೂಡ ದ್ರಾಕ್ಷಿ ತೋಟಗಳ ನಡುವೆ ನಿಧಾನವಾಗಿ ಸಿಗುತ್ತದೆ. ಜನ ದಾರಿ ತಪ್ಪುವುದೂ ಇಲ್ಲೇ: ತೋಟಕ್ಕೆ ಹೋಗುವ ಗಾಡಿದಾರಿಗಳು ಪದೇ ಪದೇ ಕವಲೊಡೆಯುತ್ತವೆ. ಕೈಮರ ಕಾಣದಿದ್ದರೆ ಮುಂದೆ ಹೋಗಬೇಡಿ, ಹಿಂದಿನ ಕವಲಿಗೆ ಮರಳಿ. ಫೋನಿನಲ್ಲಿ ಆಫ್‌ಲೈನ್ ನಕ್ಷೆ ಇರಲಿ.

ನೆರಳು ಬಹಳ ಕಡಿಮೆ. ತಲಾ 2 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ 3. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯವಿರುವ ದಿನ ಗುಡ್ಡಗಳಿಗೆ ಪ್ರವೇಶವನ್ನೇ ನಿಲ್ಲಿಸುವುದುಂಟು. ಹಿಂದಿನ ಸಂಜೆಯೇ ವಿಚಾರಿಸಿ. ಗಡಿಯ ಏಣಿನ ಮೇಲೆ ‘ಟ್ರಾಮೊಂಟಾನ್’ ಎಂಬ ವಾಯವ್ಯದ ಗಾಳಿ ಬೀಸಿದರೆ ನೆಟ್ಟಗೆ ನಿಲ್ಲುವುದೂ ಕಷ್ಟ. ಇಳಿಜಾರಿನಲ್ಲಿ ಪದರುಗಲ್ಲಿನ ಚೂರುಗಳು ಜಾರುತ್ತವೆ, ಸವೆದ ಶೂ ಬೇಡ.

ಹೃದ್ರೋಗಿಯಾಗಿದ್ದ 48ರ ಬೆಂಜಮಿನ್ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ನಡೆದು ಒಂದು ನಿಮಿಷ ನಿಲ್ಲುತ್ತಿದ್ದರು. ಏರಿಗೆ ಇವತ್ತಿಗೂ ಒಳ್ಳೆಯ ಲೆಕ್ಕ. ಪೋರ್ಟ್‌ಬೌನಲ್ಲಿ ಪೊಲೀಸರು ಹಿಂದಕ್ಕೆ ಕಳಿಸುವುದಾಗಿ ಹೇಳಿದ ರಾತ್ರಿಯೇ ಅವರು ತೀರಿಕೊಂಡರು. ಸ್ಮಶಾನದ ಬಳಿ ಇಸ್ರೇಲಿ ಶಿಲ್ಪಿ ಡಾನಿ ಕಾರವಾನ್ ರಚಿಸಿದ, ಕಡಲಿನತ್ತ ಇಳಿಯುವ ಉಕ್ಕಿನ ಮೆಟ್ಟಿಲಿನ ಸ್ಮಾರಕವಿದೆ. ಅದಕ್ಕೆ ಅರ್ಧ ಗಂಟೆ ಉಳಿಸಿಕೊಳ್ಳಿ.

ವಾಪಸು ರೈಲಿನಲ್ಲಿ. ಗಾಡಿಗಳು ವಿರಳ, ವೇಳೆ ಮೊದಲೇ ನೋಡಿಡಿ. ಗಡಿಯಲ್ಲಿ ತಪಾಸಣೆ ನಡೆಯುವುದರಿಂದ ಷೆಂಗೆನ್ ವೀಸಾ ಇರುವ ಮೂಲ ಪಾಸ್‌ಪೋರ್ಟ್ ಜೊತೆಗಿರಲಿ, ಜೆರಾಕ್ಸ್ ನಡೆಯದು.