ಭಟ್ಟಿಯ ಬೀಗದ ಕೈ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ದಾವಣಗೆರೆಯ ಹಿರಿಯರೊಬ್ಬರು, ವಯಸ್ಸು 63. ನಲವತ್ತು ವರ್ಷ ಮಂಡಕ್ಕಿ ಭಟ್ಟಿ ನಡೆಸಿದವರು. ಹೊಗೆ, ದೂಳು ಕುಡಿದೂ ಕುಡಿದೂ ಎದೆ ಸೋತಿತ್ತು. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಎಂದ ವೈದ್ಯರು, ಒಲೆಯ ಹತ್ತಿರ ಸುಳಿಯಲೇಬೇಡಿ ಎಂದರು. ಗಂಡುಮಕ್ಕಳಿಬ್ಬರೂ ಬೇರೆ ಕೆಲಸ ಹಿಡಿದಿದ್ದರಿಂದ ಭಟ್ಟಿ ಮುಚ್ಚಿತು. ಅದಾಗಿ ಐದು ತಿಂಗಳಿಗೆ ಹೆಂಡತಿ, ಹಿರಿಮಗ ಸೇರಿ ಅವರನ್ನು ಸಲಹೆಗೆ ಕರೆತಂದರು. ಬೆಳಗಿನ ಜಾವ ಮೂರೂವರೆಗೆ ಎದ್ದು ಬೀಗದ ಕೈ ತಗೊಂಡು ಹೊರಡುತ್ತಾರೆ, ತಣ್ಣಗಿರುವ ಒಲೆಯ ಮುಂದೆ ಕೂತು ಎಂಟಕ್ಕೆ ಮನೆಗೆ ಬರುತ್ತಾರೆ. ಊಟ ಅರ್ಧಕ್ಕೆ ಇಳಿದಿದೆ, ಮಾತು ನಿಂತಿದೆ. “ಬಿಟ್ಟುಬಿಡ್ರಿ ಅಪ್ಪಾಜಿ, ಆಗಿದ್ದು ಆಗೋಯ್ತು ಅಂದ್ರೆ ಎದ್ದು ಹೋಗಿಬಿಡ್ತಾರೆ” ಎಂದರು ಮಗ.

ಮೊದಲ ಭೇಟಿಯಲ್ಲಿ ಸಲಹೆ ಕೊಡಲಿಲ್ಲ, ಅಳತೆ ಮಾಡಿದ್ದಷ್ಟೇ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 13 ಬಂತು, ಅಂದರೆ ಮಧ್ಯಮ ಮಟ್ಟ. ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ. ಅದಕ್ಕೆ “ಒಂದೊಂದಿನ ಬರ್ತೈತಿ” ಎಂದರು. ಇಂಥ ಉತ್ತರ ಬಂದಾಗ ಮಾತು ತೇಲಿಸಬಾರದು. ಹೇಗೆ, ಯಾವಾಗ ಎಂಬ ಯೋಜನೆ ಇದೆಯೇ, ಹಿಂದೆ ಯತ್ನಿಸಿದ್ದುಂಟೇ, ಮನೆಯಲ್ಲಿ ಕೀಟನಾಶಕ ಇದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಯೋಚನೆ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಇವರಿಗೆ ಯೋಜನೆ ಇರಲಿಲ್ಲ. ಆದರೂ ಅವರ ಒಪ್ಪಿಗೆ ಪಡೆದು ಹೆಂಡತಿಗೆ ವಿಷಯ ತಿಳಿಸಿ, ಹಗಲು ರಾತ್ರಿ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಉಳಿಸಿಕೊಟ್ಟೆವು. ಥೈರಾಯ್ಡ್, ಬಿ12, ಸಕ್ಕರೆ ನೋಡಿಸಲು ವೈದ್ಯರಲ್ಲಿಗೂ ಕಳಿಸಿದೆವು. ಸುಸ್ತು, ಬೇಸರಕ್ಕೆ ಅವೂ ಕಾರಣವಾಗುವುದುಂಟು.

ಮನೆಯವರು ‘ನಿದ್ದೆ ಇಲ್ಲ’ ಎಂದೂ ದೂರಿದ್ದರು. ಅದನ್ನು ಗಂಟೆಗಳಲ್ಲಿ ಬರೆಸಿದಾಗ ಬೇರೆಯೇ ಕಂಡಿತು. ನಲವತ್ತು ವರ್ಷ ಮೂರೂವರೆಗೆ ಎದ್ದ ದೇಹ ಈಗಲೂ ಮೂರೂವರೆಗೇ ಏಳುತ್ತಿದೆ. ಆದರೆ ಭಟ್ಟಿ ಇದ್ದಾಗ ಒಂಬತ್ತಕ್ಕೆ ಮಲಗುತ್ತಿದ್ದವರು ಈಗ ಟಿವಿ ಮುಂದೆ ಹನ್ನೊಂದರವರೆಗೆ ಕೂರುತ್ತಾರೆ. ಆರೂವರೆ ತಾಸಿನ ನಿದ್ದೆ ನಾಲ್ಕೂವರೆಗೆ ಇಳಿದಿತ್ತು. ‘ಆರರವರೆಗೆ ಮಲಗಿ’ ಎಂದು ಮನೆಯವರು ದುಂಬಾಲು ಬಿದ್ದಿದ್ದೇ ತಪ್ಪು. ಏಳುವ ಹೊತ್ತಿನ ತಂಟೆಗೆ ಹೋಗದೆ, ಮಲಗುವ ಹೊತ್ತನ್ನು ವಾರಕ್ಕೆ ಅರ್ಧ ತಾಸು ಹಿಂದಕ್ಕೆ ತಂದೆವು. ನಾಲ್ಕು ವಾರಕ್ಕೆ ಒಂಬತ್ತಕ್ಕೆ ಬಂದು ನಿಂತಿತು.

ಎರಡನೇ ಭೇಟಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಎಲ್ಲರೂ ಬಿಡಿ ಬಿಡಿ ಅನ್ನುತ್ತಾರಲ್ಲ, ನೀವು ಬಿಡಬೇಕಾದ್ದು ನಿಖರವಾಗಿ ಏನೇನು? ಅವರು ಹೇಳಿದ್ದನ್ನು ಹಾಳೆಯ ಮೇಲೆ ಬರೆದಾಗ ಆರಾದವು: ಜಾಗ, ಒಲೆ, ದಿನದ ದುಡಿಮೆ, ಆಳುಗಳ ಸಂಗ, ‘ಭಟ್ಟಿ ಯಜಮಾನ’ ಎಂಬ ಹೆಸರು, ಅಕ್ಕಿ ನೋಡುವ ಕೈ. ಕೊನೆಯದನ್ನು ಹೇಳುವಾಗ ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ತಿಕ್ಕಿದರು. ಉಪ್ಪುನೀರು ಹಿಡಿದ ಅಕ್ಕಿ ಎಷ್ಟು ಆರಿದೆ ಎಂದು ನೋಡುವ ಬಗೆ ಅದು. ಹಸಿ ಉಳಿದರೆ ಕಾದ ಮರಳಿನಲ್ಲಿ ಅರಳದು, ಅತಿಯಾಗಿ ಒಣಗಿದರೂ ಗಟ್ಟಿ ಕಾಳು ಉಳಿಯುತ್ತದೆ. ಆ ಆರರಲ್ಲಿ ನಿಜಕ್ಕೂ ಮುಗಿದದ್ದು ಒಲೆ ಮತ್ತು ದಿನದ ದುಡಿಮೆ, ಎರಡೇ. ಮನೆಯವರು ‘ಬಿಡಿ’ ಎಂದಾಗಲೆಲ್ಲ ಆರನ್ನೂ ಬಿಡು ಎಂದೇ ಅವರ ಕಿವಿಗೆ ಕೇಳುತ್ತಿತ್ತು. ಪ್ರಕರಣದ ಗಂಟು ಇದ್ದದ್ದು ಇಲ್ಲೇ. ಉಳಿಸಿಕೊಳ್ಳಬಹುದಾದ್ದನ್ನು ಮೊದಲು ಕೈಗೆ ಕೊಡದೆ ಹೋದದ್ದನ್ನು ಬಿಡಿಸಲು ಹೊರಟರೆ ಯಾರೂ ಬಿಡುವುದಿಲ್ಲ.

ಹಾಗಾಗಿ ಅಕ್ಕಿ ನೋಡುವ ಕೈಯಿಂದಲೇ ಶುರು. ಅವರ ಹಳೆಯ ಆಳೊಬ್ಬರು ಈಗ ಸ್ವಂತ ಭಟ್ಟಿ ನಡೆಸುತ್ತಾರೆ. ವಾರಕ್ಕೆ ಎರಡು ದಿನ, ಒಂದೊಂದು ತಾಸು ಅವರಿಗೆ ಒಳ್ಳೆಯ ಅಕ್ಕಿ ನೋಡಿ ಆಯ್ದುಕೊಡುವುದು, ಅದೂ ಅಕ್ಕಿ ಅಂಗಡಿಯಲ್ಲಿ, ಹೊಗೆಯ ಹತ್ತಿರವಲ್ಲ ಎಂದು ಮಾತಾಯಿತು. ಬೆಳಗಿನ ಜಾವದ ಖಾಲಿ ಹೊತ್ತಿಗೆ ಮನೆಯಲ್ಲೇ ಚಹಾ, ಐದೂವರೆಗೆ ಕುಂದವಾಡ ಕೆರೆಯ ಬಳಿ ಇಪ್ಪತ್ತು ನಿಮಿಷ ನಿಧಾನ ನಡಿಗೆ. ಮೊದಲು ನಲವತ್ತು ನಿಮಿಷ ಎಂದು ಬರೆದುಕೊಟ್ಟಿದ್ದೆವು. ಮೂರನೇ ದಿನ ಏದುಸಿರು ಬಂದು ನಿಂತೇಹೋಯಿತು. ವೈದ್ಯರನ್ನು ಕೇಳಿ ಅರ್ಧಕ್ಕಿಳಿಸಿದ ಮೇಲೆ ನಡೆಯಿತು.

ದುಃಖಕ್ಕೂ ಹೊತ್ತು ಗೊತ್ತುಮಾಡಿದೆವು. ಸಂಜೆ ಐದೂವರೆಯಿಂದ ಇಪ್ಪತ್ತು ನಿಮಿಷ ಗಂಡ ಹೆಂಡತಿ ಜಗುಲಿಯ ಮೇಲೆ ಕೂತು ಭಟ್ಟಿಯ ಮಾತನ್ನೇ ಆಡುವುದು. ಹೆಂಡತಿ ಸಮಾಧಾನ ಹೇಳುವಂತಿಲ್ಲ, “ಆಮೇಲೆ ಏನಾತ್ರಿ?” ಎಂದಷ್ಟೇ ಕೇಳಬೇಕು. ಮೊದಲ ವಾರ ಇದನ್ನು ಊಟದ ನಂತರಕ್ಕೆ ಇಟ್ಟುಕೊಂಡು ನಿದ್ದೆ ಕೆಡಿಸಿಕೊಂಡರು. ಸಂಜೆಗೇ ಮರಳಿ ತಂದೆವು. 1999ರಲ್ಲಿ ಮನೋವಿಜ್ಞಾನಿಗಳಾದ ಸ್ಟ್ರೋಬ ಮತ್ತು ಶುಟ್ ಮುಂದಿಟ್ಟ ವಿವರಣೆಯ ಪ್ರಕಾರ, ಕಳೆದುಕೊಂಡವರ ಮನಸ್ಸು ನೋವಿನ ಕಡೆಗೊಮ್ಮೆ, ಹೊಸ ಬದುಕಿನ ಕಡೆಗೊಮ್ಮೆ ಜೀಕುತ್ತಿರುತ್ತದೆ. ಈ ಓಲಾಟವೇ ಆರೋಗ್ಯಕರ, ಒಂದೇ ಕಡೆ ಸಿಕ್ಕಿಕೊಂಡರೆ ತೊಂದರೆ. ಇದನ್ನು ತಿಳಿಸಿದ ಮೇಲೆ, ನಿನ್ನೆ ನಕ್ಕವರು ಇವತ್ತು ಯಾಕೆ ಸುಮ್ಮನಾದರು ಎಂದು ಮನೆಯವರು ಗಾಬರಿಯಾಗುವುದು ಕಡಿಮೆಯಾಯಿತು.

ನಾಲ್ಕನೇ ವಾರ ಪೆಟ್ಟು ಬಿತ್ತು. ಕಿರಿಮಗ ಕೇಳದೆಯೇ ಬಾಣಲೆಗಳನ್ನು ಗುಜರಿಗೆ ಹಾಕಿದ್ದ. ತಂದೆಗೆ ನೋವಾಗದಿರಲಿ ಎಂಬ ಪ್ರೀತಿಯಿಂದಲೇ ಮಾಡಿದ್ದು. ಹಿರಿಯರು ಎರಡು ದಿನ ಊಟ ಬಿಟ್ಟರು. ಬಾಣಲೆ ಹೋಯಿತು ಎಂಬುದಕ್ಕಿಂತ ಕೊಡುವ ಅಧಿಕಾರವೂ ತಮಗಿಲ್ಲವಾಯಿತೇ ಎಂಬುದು ಅವರನ್ನು ಇರಿದಿತ್ತು. ಮಗನಿಂದ “ತಪ್ಪಾತು ಅಪ್ಪಾಜಿ” ಎನ್ನಿಸಿ, ಉಳಿದ ಒಂದೊಂದು ವಸ್ತುವೂ ಯಾರಿಗೆ ಎಂದು ಅವರ ಬಾಯಿಂದಲೇ ಪಟ್ಟಿ ಮಾಡಿಸಿದೆವು. ಜರಡಿಗಳು ಹಳೆಯ ಆಳಿಗೆ, ತಕ್ಕಡಿ ಅಂಗಡಿಯವರಿಗೆ. ಒಂದು ಸಣ್ಣ ಜರಡಿ ಮಾತ್ರ ಮನೆಗೆ.

ವಿದಾಯಕ್ಕೆ ದಿನ ಅವರೇ ಆರಿಸಿದರು, ಸೋಮವಾರ. ಹೆಂಡತಿ ಮತ್ತು ಇಬ್ಬರು ಹಳೆಯ ಆಳುಗಳ ಜೊತೆ ಹೋಗಿ ಒಲೆಗೆ ಕಾಯಿ ಒಡೆದು, ಬೀಗದ ಕೈಯನ್ನು ಜಾಗ ಬಾಡಿಗೆಗೆ ಹಿಡಿದವರಿಗೆ ತಮ್ಮ ಕೈಯಾರೆ ಕೊಟ್ಟು ಬಂದರು. ಆ ರಾತ್ರಿ ಅಳು ಬರುತ್ತದೆ, ಬಂದರೆ ತಡೆಯಬೇಡಿ ಎಂದು ಮೊದಲೇ ಹೇಳಿದ್ದೆವು. ಬಂತು.

ಎಂಟನೇ ಭೇಟಿಗೆ ಅಂಕ 6ಕ್ಕೆ ಇಳಿದಿತ್ತು, ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಭೇಟಿಯನ್ನು ತಿಂಗಳಿಗೊಂದಕ್ಕೆ ಇಳಿಸಿದ್ದೇವೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಊರೆಲ್ಲ ಮಂಡಕ್ಕಿ ಬೇಕಾಗುತ್ತದೆ, ಭಟ್ಟಿ ಇಲ್ಲದ ಮೊದಲ ಜಾತ್ರೆ ಅವರಿಗೆ ಕಷ್ಟವಾದೀತು. ಅದಕ್ಕೆ ಜಾತ್ರೆಯ ಹಿಂದಿನ ವಾರವೇ ಒಂದು ಭೇಟಿ ಗೊತ್ತುಮಾಡಿದ್ದೇವೆ. ಆ ದಿನಗಳಲ್ಲಿ ಅಕ್ಕಿ ನೋಡಿಕೊಡುವ ಕೆಲಸ ವಾರಕ್ಕೆ ಎರಡರ ಬದಲು ನಾಲ್ಕು ದಿನ.